ವ್ಯಾಟ್ ಕೇಳುವ ಮೊದಲು ಪಿನ್ ಎಣಿಸಿ: ಕಂಪ್ಯೂಟರ್‌ಗೆ ಎಸ್‌ಎಂಪಿಎಸ್ ಆರಿಸುವ ಬಗೆ

ಕಂಪ್ಯೂಟರ್ ಅಂಗಡಿಗೆ ಹೋಗಿ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ನ ಭಾಗಗಳಿಗೆ ತಕ್ಕ ವೋಲ್ಟೇಜಿಗೆ ಇಳಿಸಿ ಹಂಚುವ ಘಟಕ, ಬೇಕೆಂದರೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದು. ಮಡಿಕೇರಿಯಲ್ಲಿಯೂ ಗೋಣಿಕೊಪ್ಪದಲ್ಲಿಯೂ ಹೀಗೆಯೇ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಹೀಗೆಯೇ. ಪ್ರಶ್ನೆ ತಪ್ಪಲ್ಲ, ಆದರೆ ಅದು ಎರಡನೆಯದಾಗಬೇಕು. ನಿಮ್ಮ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಮತ್ತು ಡಿಸ್ಕ್‌ಗಳಲ್ಲಿ ವಿದ್ಯುತ್ತಿನ ಯಾವ ಸಾಕೆಟ್‌ಗಳು ಎಷ್ಟೆಷ್ಟಿವೆ ಎಂಬುದು ಮೊದಲನೆಯದು. ಗ್ರಾಫಿಕ್ಸ್ ಕಾರ್ಡ್ 8 ಪಿನ್ನಿನ ಎರಡು ಕೇಬಲ್ ಕೇಳುತ್ತಿದ್ದು, ತಂದ ಎಸ್‌ಎಂಪಿಎಸ್‌ನಲ್ಲಿ ಅಂಥದ್ದು ಒಂದೇ ಇದ್ದರೆ, ಪೆಟ್ಟಿಗೆಯ ಮೇಲೆ ಎಷ್ಟು ವ್ಯಾಟ್ ಬರೆದಿದ್ದರೂ ಆ ಕಂಪ್ಯೂಟರ್ ಸರಿಯಾಗಿ ನಡೆಯುವುದಿಲ್ಲ.

ಕೊಡಗಿನಲ್ಲಿ ಇರುವವರಿಗೆ ಈ ತಪ್ಪು ಇನ್ನಷ್ಟು ದುಬಾರಿ. ಇಲ್ಲಿಯ ಅಂಗಡಿಗಳಲ್ಲಿ ಎರಡೋ ಮೂರೋ ಬಗೆಯ ಎಸ್‌ಎಂಪಿಎಸ್ ಮಾತ್ರ ಕೈಗೆ ಸಿಗುತ್ತದೆ. ಬೇರೆಯದು ಬೇಕಾದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿನಿಂದಲೋ ಅದಕ್ಕೂ ಆಚೆಯಿಂದಲೋ ತರಿಸಬೇಕು. ಜಿಲ್ಲೆಗೆ ರೈಲಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಕೊರಿಯರ್ ಕುಶಾಲನಗರದಲ್ಲಿಯೇ ನಿಲ್ಲುತ್ತದೆ. ತೋಟದ ಕಚೇರಿಗಳಿಗೂ ಹೋಮ್‌ಸ್ಟೇಗಳಿಗೂ ಹದಿನೈದು ವರ್ಷಗಳಿಂದ ಕಂಪ್ಯೂಟರ್ ಜೋಡಿಸಿಕೊಡುತ್ತಿರುವ ನಾನು, ಒಂದು ಕನೆಕ್ಟರ್ ಹೊಂದದ ಕಾರಣಕ್ಕೆ ವಾರಗಟ್ಟಲೆ ಸುಮ್ಮನೆ ಕುಳಿತ ಯಂತ್ರಗಳನ್ನು ಹಲವು ಬಾರಿ ನೋಡಿದ್ದೇನೆ. ಆದ್ದರಿಂದ ಈ ಹೋಲಿಕೆಯನ್ನು ಕನೆಕ್ಟರ್‌ಗಳಿಂದಲೇ ಆರಂಭಿಸುತ್ತೇನೆ.

ಸಾಕೆಟ್‌ಗಳನ್ನು ಗುರುತಿಸುವುದು

ಬೋರ್ಡಿನ ಅಂಚಿನಲ್ಲಿರುವ ಅತಿ ದೊಡ್ಡ ಸಾಕೆಟ್ 24 ಪಿನ್ನಿನದು. ಹಳೆಯ ಬೋರ್ಡ್‌ಗಳಲ್ಲಿ ಇದು 20 ಪಿನ್ನಿನದಾಗಿತ್ತು. 2003ರ ಸುಮಾರಿಗೆ ನಾಲ್ಕು ಪಿನ್ ಸೇರಿ 24 ಆಯಿತು. ಇಂದಿಗೂ ಹಲವು ಎಸ್‌ಎಂಪಿಎಸ್‌ಗಳಲ್ಲಿ ಇದು 20+4 ಎಂದು ಬೇರ್ಪಡುವಂತೆ ಬರುತ್ತದೆ. ಮಾಮೂಲಿ ಬೋರ್ಡ್‌ಗಳಲ್ಲಿ ಈ ಸಾಕೆಟ್‌ನಿಂದ ತೊಂದರೆಯಾಗುವುದು ಅಪರೂಪ.

ತೊಂದರೆ ಬರುವುದು ಎರಡನೆಯ ಸಾಕೆಟ್‌ನಲ್ಲಿ. ಪ್ರೊಸೆಸರ್‌ನ ಹತ್ತಿರ, ಬೋರ್ಡಿನ ಮೇಲ್ತುದಿಯಲ್ಲಿ, 4 ಅಥವಾ 8 ಪಿನ್ನಿನ ಇನ್ನೊಂದು ಸಾಕೆಟ್ ಇರುತ್ತದೆ. ಪೆಂಟಿಯಂ 4 ಬಂದ ಕಾಲದಲ್ಲಿ, 2000ದಲ್ಲಿ, ಪ್ರೊಸೆಸರ್‌ಗೆ ಪ್ರತ್ಯೇಕವಾಗಿ 12 ವೋಲ್ಟ್ ಕೊಡುವುದಕ್ಕೆಂದು 4 ಪಿನ್ನಿನದು ಸೇರಿತು. ಮುಂದೆ ಪ್ರೊಸೆಸರ್‌ಗಳ ಹಸಿವು ಹೆಚ್ಚಿದಂತೆ ಅದು 8 ಆಯಿತು. ಅಗ್ಗದ ಬೋರ್ಡ್‌ಗಳಲ್ಲಿ 4 ಅಥವಾ 8, ದುಬಾರಿ ಬೋರ್ಡ್‌ಗಳಲ್ಲಿ 8+4 ಅಥವಾ 8+8 ಕಾಣಿಸುತ್ತದೆ. 8 ಪಿನ್ನಿನ ಸಾಕೆಟ್‌ಗೆ 4 ಪಿನ್ನಿನ ಕೇಬಲ್ ಮಾತ್ರ ಹಾಕಿದರೂ ಕಡಿಮೆ ವಿದ್ಯುತ್ತಿನ ಪ್ರೊಸೆಸರ್ ಇರುವ ಯಂತ್ರ ಹಲವು ಸಲ ಆನ್ ಆಗುತ್ತದೆ, ಆದರೆ ಅಷ್ಟೂ ಕರೆಂಟ್ ಅರ್ಧದಷ್ಟು ತಂತಿಗಳಲ್ಲಿ ಹರಿಯಬೇಕಾಗುತ್ತದೆ. ಹಾಗೆ ನಡೆಸಬೇಡಿ. ಇದಕ್ಕೆ ವಿರುದ್ಧವಾಗಿ, 8+4 ಇರುವ ಬೋರ್ಡಿನಲ್ಲಿ ಹೆಚ್ಚುವರಿ 4 ಪಿನ್ನನ್ನು ಖಾಲಿ ಬಿಟ್ಟರೆ ಸಾಮಾನ್ಯ ಬಳಕೆಗೆ ಏನೂ ಆಗುವುದಿಲ್ಲ. ಅದು ಪ್ರೊಸೆಸರನ್ನು ಮಿತಿಮೀರಿ ಓಡಿಸುವವರಿಗಾಗಿ ಇರುವುದು. ಇದೊಂದೇ ಕಾರಣಕ್ಕೆ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಬಿಟ್ಟುಬಿಡಬೇಕಾಗಿಲ್ಲ.

ಮೂರನೆಯದು ಗ್ರಾಫಿಕ್ಸ್ ಕಾರ್ಡಿನ ಸಾಕೆಟ್. ಬೋರ್ಡಿನ ಸ್ಲಾಟ್‌ನಿಂದಲೇ ಕಾರ್ಡಿಗೆ 75 ವ್ಯಾಟ್ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ 6 ಪಿನ್ನಿನ ಕೇಬಲ್ ಇನ್ನು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುವಂತೆ ನಿಗದಿಯಾಗಿದೆ. ಜಿಟಿಎಕ್ಸ್ 1650ರಂಥ ಹಲವು ಕಾರ್ಡ್‌ಗಳಿಗೆ ಕೇಬಲ್ಲೇ ಬೇಡ. 170 ವ್ಯಾಟ್‌ನ ಆರ್‌ಟಿಎಕ್ಸ್ 3060 ಸಾಮಾನ್ಯವಾಗಿ 8 ಪಿನ್ನಿನ ಒಂದನ್ನು ಕೇಳುತ್ತದೆ. ಅದಕ್ಕೂ ದೊಡ್ಡವು ಎರಡು ಅಥವಾ ಮೂರು ಕೇಳುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪ್ರೊಸೆಸರ್‌ನ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡುವುದಕ್ಕೆ ಅಣ್ಣತಮ್ಮಂದಿರಂತಿದ್ದರೂ ಒಳಗಿನ ಜೋಡಣೆ ತಿರುವುಮುರುವಾಗಿದೆ: ಪ್ರೊಸೆಸರ್‌ನದರಲ್ಲಿ ಕೊಕ್ಕೆಯಿರುವ ಬದಿಗೆ 12 ವೋಲ್ಟ್ ಬರುತ್ತದೆ, ಕಾರ್ಡಿನದರಲ್ಲಿ ಅದೇ ಬದಿಗೆ ಗ್ರೌಂಡ್ ಬರುತ್ತದೆ. ಪಿನ್ನುಗಳ ಆಕಾರ ಬೇರೆಯಾಗಿರುವುದರಿಂದ ಒಂದು ಇನ್ನೊಂದಕ್ಕೆ ಹೋಗಬಾರದು. ಆದರೆ ಬಲವಾಗಿ ಒತ್ತುವ ಕೈಗೆ ಪ್ಲಾಸ್ಟಿಕ್ ಸೋಲುತ್ತದೆ, ಸ್ವಿಚ್ ಒತ್ತಿದಾಗ ಶಾರ್ಟ್ ಆಗುತ್ತದೆ. ಬೇರೆಯಾಗುವ ಬಗೆಯನ್ನು ನೋಡಿ ಗುರುತು ಹಿಡಿಯಿರಿ: 4+4 ಎಂದು ಸಮನಾಗಿ ಬೇರೆಯಾಗುವುದು ಪ್ರೊಸೆಸರ್‌ಗೆ, 6+2 ಎಂದು ಬೇರೆಯಾಗುವುದು ಕಾರ್ಡಿಗೆ. ಕನೆಕ್ಟರ್‌ನ ಮೇಲೆ ಸಿಪಿಯು ಅಥವಾ ಪಿಸಿಐಇ ಎಂದು ಅಚ್ಚಾಗಿಯೂ ಇರುತ್ತದೆ. ಕಪ್ಪು ಪ್ಲಾಸ್ಟಿಕ್ಕಿನ ಮೇಲಿನ ಆ ಕಪ್ಪು ಅಕ್ಷರಗಳನ್ನು ಓದಲು ಟಾರ್ಚ್ ಹಿಡಿಯಬೇಕಾದೀತು, ಹಿಡಿದೇ ಓದಿ.

ಹೊಸ ದೊಡ್ಡ ಕಾರ್ಡ್‌ಗಳಲ್ಲಿ 12 ದಪ್ಪ ಪಿನ್ನುಗಳ ಜೊತೆಗೆ 4 ಸಣ್ಣ ಪಿನ್ನುಗಳಿರುವ ಪುಟ್ಟ ಸಾಕೆಟ್ ಬಂದಿದೆ. ಗರಿಷ್ಠ 600 ವ್ಯಾಟ್ ಸಾಗಿಸಬಲ್ಲ ಇದರ ಮೊದಲ ರೂಪ ಎಸ್‌ಎಂಪಿಎಸ್‌ಗಳ ರಚನೆಯನ್ನು ನಿಗದಿಪಡಿಸುವ ಎಟಿಎಕ್ಸ್ 3.0 ಮಾನದಂಡದ ಜೊತೆ 2022ರಲ್ಲಿ ಬಂದಿತು. ಅದೇ ವರ್ಷ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಕನೆಕ್ಟರ್ ಕರಗಿದ ಪ್ರಕರಣಗಳು ವರದಿಯಾದವು. ಕೇಬಲ್ ಪೂರ್ತಿ ಒಳಗೆ ಹೋಗದೆ ಉಳಿಯುವುದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಕಂಡುಬಂದ ಮೇಲೆ, ಸಾಕೆಟ್ಟಿನ ಸಣ್ಣ ಪಿನ್ನುಗಳನ್ನು ಗಿಡ್ಡಗೊಳಿಸಿ, ಪೂರ್ತಿ ಕೂರದಿದ್ದರೆ ಕಾರ್ಡ್ ವಿದ್ಯುತ್ ಎಳೆಯದಂತೆ ತಿದ್ದಿದ ರೂಪ 12ವಿ-2×6 ಎಂಬ ಹೆಸರಿನಲ್ಲಿ 2023ರಲ್ಲಿ ಬಂದಿತು. ಹೊಸ ಸಾಕೆಟ್‌ನ ಪಕ್ಕದಲ್ಲಿ ಎಚ್ ಅಕ್ಷರದ ಮುಂದೆ ಎರಡು ಪ್ಲಸ್ ಚಿಹ್ನೆಗಳಿರುತ್ತವೆ. ಯಾವ ರೂಪವಾದರೂ ಸಂದು ಕಾಣದಂತೆ ಒತ್ತಿ ಕೂರಿಸಬೇಕು, ಕನೆಕ್ಟರ್‌ನ ಬುಡದಲ್ಲಿಯೇ ಕೇಬಲ್ಲನ್ನು ಮಡಚಬಾರದು.

ಇನ್ನುಳಿದವು ಹಾರ್ಡ್‌ಡಿಸ್ಕ್ ಮತ್ತು ಎಸ್‌ಎಸ್‌ಡಿಗೆ ಹೋಗುವ ಚಪ್ಪಟೆಯಾದ 15 ಪಿನ್ನಿನ ಸಾಟಾ, ಹಾಗೂ ನಾಲ್ಕು ದಪ್ಪ ಪಿನ್ನುಗಳ ಹಳೆಯ ಮೊಲೆಕ್ಸ್. ಬೋರ್ಡಿಗೇ ನೇರವಾಗಿ ಕೂರುವ ಎಂ.2 ಎಸ್‌ಎಸ್‌ಡಿಗೆ ಕೇಬಲ್ ಬೇಡ.

ಆಯ್ಕೆಗಳನ್ನು ಎದುರು ಬದುರು ಇಟ್ಟರೆ

ಕ್ಯಾಬಿನೆಟ್ ಕೊಂಡಾಗ ಅದರೊಳಗೇ ಬರುವ, ನಮ್ಮಲ್ಲಿ ‘ಲೋಕಲ್’ ಎಂದು ಕರೆಯುವ ಎಸ್‌ಎಂಪಿಎಸ್ ಮೊದಲ ಆಯ್ಕೆ. ಇದರಲ್ಲಿ ಸಾಮಾನ್ಯವಾಗಿ 24 ಪಿನ್ನಿನದು ಒಂದು, ಪ್ರೊಸೆಸರ್‌ಗೆ ಬರೀ 4 ಪಿನ್, ಸಾಟಾ ಎರಡು, ಮೊಲೆಕ್ಸ್ ಒಂದೆರಡು ಇರುತ್ತವೆ. ಗ್ರಾಫಿಕ್ಸ್ ಕಾರ್ಡಿಗೆ ಏನೂ ಇರುವುದಿಲ್ಲ. ಬೆಲೆಯ ವಿಷಯದಲ್ಲಿ ಇದನ್ನು ಯಾವುದೂ ಸರಿಗಟ್ಟದು. ಹಾಗಿದ್ದರೂ ತೋಟದ ರೈಟರ್ ಲೆಕ್ಕ ಬರೆಯುವ ಸಣ್ಣ ಕಂಪ್ಯೂಟರ್‌ಗೂ ನಾನು ಇದನ್ನು ಒಪ್ಪುವುದಿಲ್ಲ. ಕೂಲಿಯ ಲೆಕ್ಕ, ಕಾಫಿ ಚೀಲಗಳ ಲೆಕ್ಕ, ತೆರಿಗೆಯ ಕಡತ ಎಲ್ಲವೂ ಆ ಒಂದೇ ಡಿಸ್ಕ್‌ನಲ್ಲಿ ಇರುವಾಗ, ವೋಲ್ಟೇಜ್ ಏರಿಳಿತದಿಂದ ರಕ್ಷಿಸುವ ಭಾಗಗಳನ್ನೇ ಉಳಿತಾಯ ಮಾಡಿ ತಯಾರಿಸಿದ ವಸ್ತುವನ್ನು ಅದರ ಬೆನ್ನಿಗೆ ಕಟ್ಟುವುದು ಸರಿಯಲ್ಲ.

ಎರಡನೆಯದು ಹೆಸರುಳ್ಳ ಕಂಪನಿಯ 450ರಿಂದ 550 ವ್ಯಾಟ್‌ನ, ಕೇಬಲ್‌ಗಳು ಬಿಚ್ಚಲು ಬಾರದ ಬ್ರಾಂಜ್ ದರ್ಜೆಯದು (ಬ್ರಾಂಜ್, ಗೋಲ್ಡ್ ಎಂಬುವು ವಿದ್ಯುತ್ತನ್ನು ಎಷ್ಟು ಪೋಲಾಗದಂತೆ ಬಳಸುತ್ತದೆ ಎಂಬುದರ ದರ್ಜೆಗಳು). ಕೋರ್ಸೇರ್‌ನ ಸಿಎಕ್ಸ್, ಕೂಲರ್ ಮಾಸ್ಟರ್‌ನ ಎಂಡಬ್ಲ್ಯುಇ ಬ್ರಾಂಜ್ ಈ ವರ್ಗದ ಪರಿಚಿತ ಸರಣಿಗಳು. ಇವುಗಳಲ್ಲಿ ಪ್ರೊಸೆಸರ್‌ಗೆ 4+4, ಕಾರ್ಡಿಗೆ 6+2ರ ಒಂದು ಅಥವಾ ಎರಡು, ಡಿಸ್ಕ್‌ಗಳಿಗೆ ಸಾಕಷ್ಟು ಸಾಟಾ ಸಿಗುತ್ತವೆ. ಮನೆ, ಕಚೇರಿ, ಮಕ್ಕಳ ಓದು, ಮಧ್ಯಮ ಗ್ರಾಫಿಕ್ಸ್ ಕಾರ್ಡಿನ ಆಟ, ಇಷ್ಟಕ್ಕೆ ಇದೇ ಸಾಕು. ಕೊಡಗಿನ ಹೆಚ್ಚಿನ ಮನೆಗಳಿಗೆ ನಾನು ಸೂಚಿಸುವುದೂ ಇದನ್ನೇ. ಕೇಬಲ್‌ಗಳ ಗಂಟನ್ನು ಕ್ಯಾಬಿನೆಟ್‌ನ ಮೂಲೆಯಲ್ಲಿ ತುರುಕಬೇಕಾಗುತ್ತದೆಂಬುದು ಇದರ ದೋಷ. ಆದರೆ ಕಳೆದುಹೋಗುವುದಕ್ಕೂ ಅದಲುಬದಲಾಗುವುದಕ್ಕೂ ಆಸ್ಪದವಿಲ್ಲದಿರುವುದು ಅದೇ ಗುಣದ ಒಳ್ಳೆಯ ಮುಖ. ಕೊಳ್ಳುವಾಗ ಎರಡು ಅಳತೆ ವಿಚಾರಿಸಿ. ಎಸ್‌ಎಂಪಿಎಸ್ ಕೆಳಗೆ ಕೂರುವ ಈಗಿನ ಕ್ಯಾಬಿನೆಟ್‌ಗಳಲ್ಲಿ ಪ್ರೊಸೆಸರ್‌ನ ಕೇಬಲ್ ಬೋರ್ಡಿನ ಹಿಂಬದಿಯಿಂದ ಮೇಲಿನ ತುದಿಯವರೆಗೆ ಏರಬೇಕು, ಅದಕ್ಕೆ 60 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಎಳೆದಂತಾಗುತ್ತದೆ. ಹಾಗೆಯೇ ಸಾಟಾ ಕನೆಕ್ಟರ್‌ಗಳು ಎಷ್ಟಿವೆ ಎನ್ನುವುದರ ಜೊತೆಗೆ ಅವು ಎಷ್ಟು ಕೇಬಲ್‌ಗಳ ಮೇಲಿವೆ ಎನ್ನುವುದನ್ನೂ ಕೇಳಿ. ಒಂದೇ ಕೇಬಲ್ಲಿನಲ್ಲಿ ನಾಲ್ಕೂ ಇದ್ದರೆ, ಮುಂದೆ ಒಂದು ಮತ್ತು ಹಿಂದೆ ಒಂದು ಡಿಸ್ಕ್ ಇರುವ ಕ್ಯಾಬಿನೆಟ್‌ನಲ್ಲಿ ಎಟುಕದೆ ಹೋಗಬಹುದು.

ಮೂರನೆಯದು 650ರಿಂದ 850 ವ್ಯಾಟ್‌ನ, ಎಲ್ಲ ಕೇಬಲ್‌ಗಳನ್ನೂ ಬಿಚ್ಚಿಡಬಹುದಾದ ಮಾಡ್ಯುಲರ್ ಗೋಲ್ಡ್. ಮದುವೆಯ ವಿಡಿಯೊ ಸಂಕಲನ ಮಾಡುವ ಸ್ಟುಡಿಯೊಗಳಿಗೆ, ಆರು ಡಿಸ್ಕ್ ಇಟ್ಟುಕೊಂಡಿರುವವರಿಗೆ, 200 ವ್ಯಾಟ್ ಮೀರುವ ಕಾರ್ಡ್ ಇರುವವರಿಗೆ ಇದು ತಕ್ಕುದು. ಬೇಕಾದ ಕೇಬಲ್‌ಗಳನ್ನು ಮಾತ್ರ ಹಾಕಿಕೊಳ್ಳುವುದರಿಂದ ಗಾಳಿ ಸರಾಗವಾಗಿ ಆಡುತ್ತದೆ. ಈಗ ಹೊಸದಾಗಿ ಕೊಳ್ಳುವುದಾದರೆ ಎಟಿಎಕ್ಸ್ 3.1ರ, 16 ಪಿನ್ನಿನ (ಮೇಲೆ ಹೇಳಿದ 12+4ರ) ಸ್ವಂತ ಕೇಬಲ್ ಇರುವುದನ್ನೇ ಆರಿಸಿ. ಇಂದು ಅಂಥ ಕಾರ್ಡ್ ಇಲ್ಲದಿದ್ದರೂ ಎಸ್‌ಎಂಪಿಎಸ್ ಕಾರ್ಡಿಗಿಂತ ಹೆಚ್ಚು ವರ್ಷ ಬಾಳುತ್ತದೆ. ಆದರೆ ವಿದ್ಯುತ್ ಬಿಲ್ ಕಡಿಮೆಯಾಗುತ್ತದೆಂದು ಗೋಲ್ಡ್ ಕೊಳ್ಳಬೇಡಿ. 115 ವೋಲ್ಟ್‌ನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್‌ನ ದಕ್ಷತೆ ಶೇ. 85, ಗೋಲ್ಡ್‌ನದು ಶೇ. 90. ಒಳಗಿನ ಭಾಗಗಳು 200 ವ್ಯಾಟ್ ಬಳಸುವ ಯಂತ್ರವನ್ನು ದಿನಕ್ಕೆ ಆರು ಗಂಟೆ ನಡೆಸಿದರೆ, ಈ ಲೆಕ್ಕದಲ್ಲಿ ವರ್ಷಕ್ಕೆ ಉಳಿಯುವುದು ಸುಮಾರು 29 ಯೂನಿಟ್ ಮಾತ್ರ. ಕಡಿಮೆ ಬಿಸಿ, ಉತ್ತಮ ಭಾಗಗಳು, ದೀರ್ಘ ವಾರಂಟಿ, ಇವುಗಳಿಗಾಗಿ ಕೊಳ್ಳುವುದಾದರೆ ಕೊಳ್ಳಿ.

ಇನ್ನು ಸಣ್ಣ ಕ್ಯಾಬಿನೆಟ್‌ಗಳ ಎಸ್‌ಎಫ್‌ಎಕ್ಸ್ ಮತ್ತು ಟಿಎಫ್‌ಎಕ್ಸ್. ಇವು ಕ್ಯಾಬಿನೆಟ್ ಕೇಳಿದರೆ ಮಾತ್ರ. ಎಸ್‌ಎಫ್‌ಎಕ್ಸ್ ಕೇಬಲ್‌ಗಳು ಗಿಡ್ಡವಾಗಿರುವುದರಿಂದ ದೊಡ್ಡ ಕ್ಯಾಬಿನೆಟ್‌ಗೆ ಹಾಕಿದರೆ ಎಟುಕುವುದಿಲ್ಲ.

ಮಾಡ್ಯುಲರ್ ಕೇಬಲ್‌ಗಳ ಅಪಾಯ

ಮಾಡ್ಯುಲರ್ ಎಸ್‌ಎಂಪಿಎಸ್ ಕೊಳ್ಳುವವರು ಒಂದು ವಿಷಯವನ್ನು ಅರಿಯದೆ ಕೊಳ್ಳಬಾರದು. ಕೇಬಲ್ಲಿನ ಒಂದು ತುದಿ, ಅಂದರೆ ಬೋರ್ಡಿಗೋ ಡಿಸ್ಕ್‌ಗೋ ಹೋಗುವ ತುದಿ, ಎಲ್ಲ ಕಂಪನಿಗಳಲ್ಲಿಯೂ ಒಂದೇ ಕ್ರಮದಲ್ಲಿರುತ್ತದೆ. ಎಸ್‌ಎಂಪಿಎಸ್‌ಗೆ ಹೋಗುವ ಇನ್ನೊಂದು ತುದಿಗೆ ಅಂಥ ನಿಯಮವಿಲ್ಲ. ಒಂದು ಕಂಪನಿ 5 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಂದು 12 ವೋಲ್ಟ್ ಇಟ್ಟಿರಬಹುದು. ಒಂದೇ ಕಂಪನಿಯ ಎರಡು ಸರಣಿಗಳಲ್ಲಿಯೂ ವ್ಯತ್ಯಾಸವಿರಬಹುದು. ಕೇಬಲ್ ಮಾತ್ರ ಯಾವ ತಡೆಯೂ ಇಲ್ಲದೆ ಸಲೀಸಾಗಿ ಕೂರುತ್ತದೆ.

ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಜಡಿಮಳೆಯಲ್ಲಿ, ಪೊನ್ನಂಪೇಟೆಯ ಕಡೆಯ ಒಂದು ತೋಟದ ಮನೆಯಿಂದ ನನಗೆ ಕರೆ ಬಂದಿತು. ಕೆಟ್ಟ ಎಸ್‌ಎಂಪಿಎಸ್ ತೆಗೆದು ಬೇರೆ ಕಂಪನಿಯದನ್ನು ಹಾಕುವಾಗ, ಅಚ್ಚುಕಟ್ಟಾಗಿ ಕಟ್ಟಿಟ್ಟಿದ್ದ ಹಳೆಯ ಸಾಟಾ ಕೇಬಲ್ಲನ್ನು ಬಿಚ್ಚುವುದೇಕೆಂದು ಮನೆಯ ಹುಡುಗ ಅದನ್ನೇ ಉಳಿಸಿಕೊಂಡಿದ್ದ. ಸ್ವಿಚ್ ಒತ್ತಿದ ಕೂಡಲೇ ಎರಡೂ ಹಾರ್ಡ್‌ಡಿಸ್ಕ್‌ಗಳು ಸುಟ್ಟವು. ಒಂದು ಮೂಲ, ಇನ್ನೊಂದು ಅದರ ಪ್ರತಿ. ಹನ್ನೊಂದು ವರ್ಷಗಳ ತೋಟದ ಲೆಕ್ಕ ಮತ್ತು ಅವನ ಅಜ್ಜನ ಕೊನೆಯ ದಿನಗಳ ಚಿತ್ರಗಳು ಅವುಗಳಲ್ಲಿದ್ದವು. ಹುಡುಗ ಮಾಡಿದ್ದು ಯಾರಿಗಾದರೂ ಸಹಜವೆನಿಸುವ ಕೆಲಸ. ಅಂದಿನಿಂದ ನಾನು ಯಾವ ಎಸ್‌ಎಂಪಿಎಸ್ ಬದಲಿಸಿದರೂ ಹಳೆಯ ಕೇಬಲ್‌ಗಳನ್ನು ಒಂದೂ ಬಿಡದೆ ಮೊದಲು ಹೊರಗೆ ತೆಗೆಯುತ್ತೇನೆ, ಆಮೇಲೆಯೇ ಹೊಸದರ ಪೆಟ್ಟಿಗೆ ತೆರೆಯುತ್ತೇನೆ.

ಅಡಾಪ್ಟರ್‌ನಿಂದ ನಿಭಾಯಿಸಬಹುದೇ?

ಕನೆಕ್ಟರ್ ಇಲ್ಲದಿದ್ದರೆ ಅಡಾಪ್ಟರ್ ಹಾಕೋಣವೆಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಕೆಲವು ಅಡಾಪ್ಟರ್‌ಗಳು ನಿಜಕ್ಕೂ ಸರಿ: ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯಲ್ಲಿಯೇ ಬರುವ, 8 ಪಿನ್ನಿನ ಎರಡು ಮೂರು ಕೇಬಲ್‌ಗಳನ್ನು 16 ಪಿನ್ನಿಗೆ ಸೇರಿಸುವಂಥದ್ದನ್ನು ಬಳಸಬಹುದು. ಸಾಟಾದಿಂದ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಅಡಾಪ್ಟರ್ ಮಾತ್ರ ಖಂಡಿತ ಬೇಡ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ಸಾಗಿಸಬಹುದಾದದ್ದು 4.5 ಆಂಪಿಯರ್, ಅಂದರೆ 54 ವ್ಯಾಟ್. ಕಾರ್ಡಿನ 6 ಪಿನ್ ಕೇಳುವ ಹಕ್ಕುಳ್ಳದ್ದು 75 ವ್ಯಾಟ್. ಮೊಲೆಕ್ಸ್‌ನಿಂದ ಸಾಟಾಕ್ಕೆ ಹೋಗುವ ಅಡಾಪ್ಟರ್‌ಗಳಲ್ಲಿ ತಂತಿಗಳ ಮೇಲೆಯೇ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ ಅಗ್ಗದ ಬಗೆಯಲ್ಲಿ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ್ದುಂಟು. ನಮ್ಮ ಮಳೆಗಾಲದ ತೇವಕ್ಕೆ ಪಿನ್ನುಗಳ ಮೇಲೆ ಕಿಲುಬು ಹಿಡಿಯುವುದು ಸಾಮಾನ್ಯವಾದ್ದರಿಂದ, ಜೋಡಣೆಯ ಜಾಗಗಳು ಕಡಿಮೆಯಿದ್ದಷ್ಟೂ ಕ್ಷೇಮ.

ಒಂದೇ ಕೇಬಲ್ಲಿನ ತುದಿಯಲ್ಲಿ 6+2ರ ಎರಡು ಕನೆಕ್ಟರ್‌ಗಳು ಜೋತಾಡುವುದನ್ನು ‘ಎರಡು’ ಎಂದು ಎಣಿಸಬೇಡಿ. ಕಾರ್ಡ್ 200 ವ್ಯಾಟ್‌ಗಿಂತ ಹೆಚ್ಚು ಬಳಸುವುದಾದರೆ ಎಸ್‌ಎಂಪಿಎಸ್‌ನಿಂದಲೇ ಬೇರೆ ಬೇರೆಯಾಗಿ ಹೊರಡುವ ಎರಡು ಕೇಬಲ್‌ಗಳು ಬೇಕು.

ವ್ಯಾಟ್‌ನ ಲೆಕ್ಕ

ಈಗ ಅಂಗಡಿಯವರ ಪ್ರಶ್ನೆಗೆ ಬರೋಣ. ಪ್ರೊಸೆಸರ್ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಇಂಟೆಲ್ ಐ5-12400ರ ಮೂಲ ಅಂಕಿ 65 ವ್ಯಾಟ್ ಆದರೂ ಗರಿಷ್ಠ ಅಂಕಿ 117. ಅದಕ್ಕೆ ಕಾರ್ಡಿನ ವ್ಯಾಟ್, ಬೋರ್ಡ್, ಫ್ಯಾನ್, ಡಿಸ್ಕ್‌ಗಳಿಗೆ ಒಟ್ಟು 50ರಿಂದ 70 ಸೇರಿಸಿ, ಬಂದ ಮೊತ್ತದ ಒಂದೂವರೆ ಪಟ್ಟು ಇಟ್ಟುಕೊಂಡರೆ ಸಾಕು. ಐ5-12400 ಮತ್ತು ಆರ್‌ಟಿಎಕ್ಸ್ 3060 ಇರುವ ಯಂತ್ರಕ್ಕೆ ಆ ಮೊತ್ತ 350ರ ಆಸುಪಾಸು, ಅದರ ಒಂದೂವರೆ ಪಟ್ಟು 525, ಅಂದರೆ 550ರದು ಧಾರಾಳ.

ಆಮೇಲೆ ಎಸ್‌ಎಂಪಿಎಸ್‌ನ ಮೈಮೇಲಿನ ಚೀಟಿಯಲ್ಲಿ 12 ವೋಲ್ಟ್‌ನ ಸಾಲನ್ನು ಓದಿ. ಅಲ್ಲಿ 45 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿದಾಗ 540 ವ್ಯಾಟ್ ಬರುತ್ತದೆ, 550ರ ಹೆಸರಿಗೆ ಅದು ಪ್ರಾಮಾಣಿಕ. ಹೊರಗೆ 500 ಎಂದು ದೊಡ್ಡದಾಗಿ ಬರೆದು ಒಳಗೆ 12 ವೋಲ್ಟ್‌ಗೆ 18 ಆಂಪಿಯರ್ ಎಂದಿದ್ದರೆ, ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೂ ಸೇರಿ ಸಿಗುವುದು 216 ವ್ಯಾಟ್ ಮಾತ್ರ.

ಗೋಡೆಯ ಕಡೆಯ ಸಂಪರ್ಕ

ಕೇಬಲ್ ಎಂದರೆ ಒಳಗಿನದು ಮಾತ್ರವಲ್ಲ. ಚೀಟಿಯಲ್ಲಿ ಇನ್‌ಪುಟ್ ಎಂಬಲ್ಲಿ 100–240 ವೋಲ್ಟ್ ಎಂದಿದೆಯೋ 200–240 ಎಂದಿದೆಯೋ ನೋಡಿ. ಒಂದೇ ಸರಣಿಯಲ್ಲಿ ಎರಡೂ ಬಗೆ ಬರುವುದುಂಟು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರ್‌ಗಳು ಏಕಕಾಲಕ್ಕೆ ಹೊರಡುವಾಗ ವೋಲ್ಟೇಜ್ ಇಳಿದು ಮನೆಯ ದೀಪ ಮಂಕಾಗುವುದನ್ನು ನೋಡಿದವರಿಗೆ ಈ ವ್ಯತ್ಯಾಸ ಏಕೆ ಮುಖ್ಯವೆಂದು ವಿವರಿಸಬೇಕಾಗಿಲ್ಲ. ನಮ್ಮಲ್ಲಿ 100–240ರದ್ದೇ ಬೇಕು. ಹಳೆಯ ಎಸ್‌ಎಂಪಿಎಸ್‌ಗಳ ಬೆನ್ನಿನಲ್ಲಿ 115/230ರ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲಿಯೇ ಇರಬೇಕು.

ಕರೆಂಟ್ ಹೋದ ಕ್ಷಣದಿಂದ ಯುಪಿಎಸ್ ಹೊರೆ ಹೊರುವವರೆಗಿನ ಕೆಲವು ಮಿಲಿಸೆಕೆಂಡ್‌ಗಳನ್ನು ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನ ಬಲದಿಂದಲೇ ದಾಟಬೇಕು. ಎಟಿಎಕ್ಸ್ 3.1ರಲ್ಲಿ ಇದು ಪೂರ್ಣ ಹೊರೆಗೆ 12 ಮಿಲಿಸೆಕೆಂಡ್, ಶೇ. 80ರ ಹೊರೆಗೆ 17. ವ್ಯಾಟ್‌ನಲ್ಲಿ ಸ್ವಲ್ಪ ಹೆಚ್ಚುವರಿ ಇಟ್ಟುಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. ಮನೆಯ ಇನ್ವರ್ಟರ್ ಬಳಸುವುದಾದರೆ ಅದನ್ನು ಯುಪಿಎಸ್ ಮೋಡ್‌ನಲ್ಲಿಡಿ, ಸಾಧ್ಯವಾದರೆ ಪ್ಯೂರ್ ಸೈನ್ ವೇವ್‌ನ, ಅಂದರೆ ನಯವಾದ ಅಲೆಯ ಕರೆಂಟ್ ಕೊಡುವುದನ್ನೇ ಕೊಳ್ಳಿ. ಅಗ್ಗದ ಯುಪಿಎಸ್‌ಗಳ ಮೆಟ್ಟಿಲು ಆಕಾರದ ಅಲೆಗೆ ಕೆಲವು ಹೊಸ ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳದೆ ಆಫ್ ಆಗುತ್ತವೆ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವ್ಯಾಟ್ ಎಂಬುದೂ ನೆನಪಿರಲಿ.

ಪವರ್ ಕೇಬಲ್ ಮೂರು ಪಿನ್ನಿನದೇ ಆಗಿರಬೇಕು, ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇರಬೇಕು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವುದು ಹಳೆಯ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ದೂರು. ಎಸ್‌ಎಂಪಿಎಸ್‌ನ ಫಿಲ್ಟರ್ ಅಲ್ಪ ಪ್ರಮಾಣದ ಕರೆಂಟನ್ನು ಅರ್ಥ್ ತಂತಿಗೆ ಕಳಿಸುವಂತೆಯೇ ರಚಿತವಾಗಿದೆ. ಅರ್ಥ್ ಇಲ್ಲದಾಗ ಅದು ಕ್ಯಾಬಿನೆಟ್‌ನ ಲೋಹದ ಮೇಲೆ ಉಳಿಯುತ್ತದೆ. ಹೆಚ್ಚಿನ ಸಲ ಬದಲಿಸಬೇಕಾದದ್ದು ಎಸ್‌ಎಂಪಿಎಸ್ ಅಲ್ಲ, ಸರಿಪಡಿಸಬೇಕಾದದ್ದು ಅರ್ಥಿಂಗ್.

ಕಂಪನಿ ಪಿಸಿಗಳ ಮಾತು ಬೇರೆ

ಬೆಂಗಳೂರಿನ ಕಚೇರಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಡೆಲ್, ಎಚ್‌ಪಿ, ಲೆನೊವೊ ಪಿಸಿಗಳು ಈಗ ನಮ್ಮ ಊರುಗಳಲ್ಲಿಯೂ ಹೇರಳವಾಗಿವೆ. ಇವುಗಳಲ್ಲಿ ಹಲವು ಮಾದರಿಗಳ ಬೋರ್ಡಿನಲ್ಲಿ 24 ಪಿನ್ನಿನ ಸಾಕೆಟ್ಟೇ ಇಲ್ಲ. ಡೆಲ್ ಆಪ್ಟಿಪ್ಲೆಕ್ಸ್ 9020ರಲ್ಲಿ ಮುಖ್ಯ ಸಾಕೆಟ್ 8 ಪಿನ್ನಿನದು. ಮೇಲೆ ಹೇಳಿದ ಯಾವ ಎಸ್‌ಎಂಪಿಎಸ್ ಕೂಡ ಇವಕ್ಕೆ ನೇರವಾಗಿ ಹೊಂದದು, ಹಲವು ಸಲ ಪೆಟ್ಟಿಗೆಯ ಅಳತೆಯೂ ಬೇರೆ. ಅದೇ ಮಾದರಿಯ ಎಸ್‌ಎಂಪಿಎಸ್ಸನ್ನು ಅದರ ಪಾರ್ಟ್ ನಂಬರ್ ಕೊಟ್ಟು ತರಿಸುವುದೇ ನೇರವಾದ ದಾರಿ.

ತರಿಸುವ ಮೊದಲು ಕ್ಯಾಬಿನೆಟ್‌ನ ಬಾಗಿಲು ತೆರೆದು, ಪವರ್ ಕೇಬಲ್ ಕಳಚಿ, ಪ್ರತಿಯೊಂದು ಸಾಕೆಟ್ಟಿನ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಕೊಡುವವರಿಂದಲೂ ಎಸ್‌ಎಂಪಿಎಸ್‌ನ ಕೇಬಲ್‌ಗಳ ಚಿತ್ರ ಮತ್ತು ಚೀಟಿಯ ಚಿತ್ರ ಕೇಳಿ ಪಡೆದು ಹೋಲಿಸಿ. ಎಸ್‌ಎಂಪಿಎಸ್‌ನ ಲೋಹದ ಕವಚವನ್ನು ಮಾತ್ರ ಬಿಚ್ಚಬೇಡಿ, ಕೇಬಲ್ ಕಳಚಿದ ಮೇಲೆಯೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಹೊಸದು ಮಾಡ್ಯುಲರ್ ಆಗಿದ್ದರೆ, ಉಳಿದ ಕೇಬಲ್‌ಗಳನ್ನು ಒಂದು ಚೀಲದಲ್ಲಿ ಹಾಕಿ, ಮಾದರಿಯ ಹೆಸರು ಬರೆದ ಚೀಟಿಯನ್ನು ಅದಕ್ಕೆ ಅಂಟಿಸಿ, ತೇವ ತಾಗದಂತೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲಿಯೇ ಮುಚ್ಚಿಡಿ.